ಹದಿನಾರು ಪಿಂಡ

ಮೂವತ್ತು ವರ್ಷಗಳ ಹಿಂದೆ, ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ, ಬಾಲಚಂದ್ರ ತಾಯಿಗೆ ಒಂದು ಮಾತು ಕೊಟ್ಟಿದ್ದ. ಅಷ್ಟು ದೂರದ ಗುಜರಾತಿಗೆ ಹೊರಟವನು ಮುಂದೆ ತನಗೆ ಎಳ್ಳುನೀರು ಬಿಡುತ್ತಾನೆಯೇ ಎಂಬುದು ತಾಯಿಯ ಅನುಮಾನ. "ಅಲ್ಲೇ ಸಿದ್ಧಪುರ ಅಂತ ಉಂಟಂತೆ. ತಾಯಂದಿರ ಶ್ರಾದ್ಧಕ್ಕೇ ಇರುವ ಜಾಗ. ಹದಿನಾರೂ ಪಿಂಡ ನನ್ನ ಕೈಯಾರೆ ಇಡ್ತೇನೆ, ಸಾಕಾ?" ಎಂದಿದ್ದ. ಬಸ್ಸು ಹೊರಡುತ್ತಿತ್ತು. ಆ ಹೊತ್ತಿನಲ್ಲಿ ಏನು ಕೇಳಿದ್ದರೂ ಹೂಂ ಎನ್ನುತ್ತಿದ್ದ.

2003ರ ಪಿತೃಪಕ್ಷದಲ್ಲಿ ಆ ಮಾತು ಅವನನ್ನು ಹುಡುಕಿಕೊಂಡು ಬಂತು.

ಅಹಮದಾಬಾದಿನ ನರೋಡಾದಿಂದ ಬೆಳಗಿನ ಐದಕ್ಕೆ ಹೊರಟ ಮಾರುತಿ ವ್ಯಾನಿನಲ್ಲಿ ನಾಲ್ವರಿದ್ದರು. ಓಡಿಸುತ್ತಿದ್ದವನು ಮಹೇಶ, ಫ್ಯಾಕ್ಟರಿಗಳ ನಡುವಿನ ಬಾಲಚಂದ್ರನ ಹೋಟೆಲಿನಲ್ಲಿ ಮ್ಯಾನೇಜರು. ಪಕ್ಕದಲ್ಲಿ ಟೋಪಿ ಹಾಕಿಕೊಂಡು ಕಣ್ಣು ಮುಚ್ಚಿದ್ದವನು ಬಾಲಚಂದ್ರ. ಹಿಂದೆ ಅವನ ಹೆಂಡತಿ ನೀಲಾ, ಮತ್ತು ಆ ಮನೆಯ ಹಿರಿತಲೆ, ಎಪ್ಪತ್ತನಾಲ್ಕರ ಸಾವಿತ್ರಮ್ಮ. ಬರುವುದು ಬೇಡ ಎಂದು ಎಲ್ಲರೂ ಹೇಳಿದ್ದರು. "ನಾನು ಎದುರಿಗಿಲ್ಲದಿದ್ರೆ ಒಂದೂ ಸರಿಯಾಗೋದಿಲ್ಲ," ಎಂದು ಸಾವಿತ್ರಮ್ಮ ಎಲ್ಲರಿಗಿಂತ ಮೊದಲೇ ಹತ್ತಿ ಕೂತಿದ್ದರು.

ಸಿದ್ಧಪುರದ ಸರೋವರದ ಕಟ್ಟೆಯಲ್ಲಿ ಕ್ಷೌರದವನು ಕತ್ತಿ ಹಿಡಿದು ಬಂದ. ಬಾಲಚಂದ್ರ ಟೋಪಿ ತೆಗೆದ. ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ. ಕ್ಷೌರದವನು ಬೇರೆ ಗಿರಾಕಿಯ ಕಡೆ ಹೋದ.

ಪುರೋಹಿತರು ಹಿಂದಿಯಲ್ಲಿ ಕೇಳಿದರು. "ಉಪವಾಸ ಉಂಟಲ್ಲ?"

"ಮೂರು ದಿನದಿಂದ ನೀರು ಬಿಟ್ಟು ಏನೂ ಒಳಗೆ ಹೋಗಿಲ್ಲ," ಎಂದಳು ನೀಲಾ.

"ಇಂಥ ಮಕ್ಕಳು ಈಗ ಎಲ್ಲಿ ಸಿಗುತ್ತಾರೆ!" ಪುರೋಹಿತರು ಮೆಚ್ಚಿ ತಲೆಯಾಡಿಸಿದರು. "ತೀರಿಕೊಂಡ ತಿಥಿ?"

ಬಾಲಚಂದ್ರ ನೀಲಾಳ ಮುಖ ನೋಡಿದ. ನೀಲಾ ನೆಲ ನೋಡಿದಳು.

"ಅದೊಂದು ಗೊತ್ತಿಲ್ಲ," ಎಂದರು ಮೆಟ್ಟಿಲ ಮೇಲಿಂದ ಸಾವಿತ್ರಮ್ಮ.

ಪುರೋಹಿತರಿಗೆ ಇದೇನೂ ಹೊಸದಲ್ಲ. ತಿಥಿ ಗೊತ್ತಿಲ್ಲದವರಿಗೆ ಅಮಾವಾಸ್ಯೆ ಇದ್ದೇ ಇದೆ. ಜವೆಗೋಧಿ ಹಿಟ್ಟಿನ ಪಾತ್ರೆ ಮುಂದೆ ಎಳೆದರು.

"ಅದು ಬೇಡ. ಅನ್ನದ್ದೇ ಆಗಲಿ. ನಮ್ಮ ಕಡೆಯವರಿಗೆ ಜವೆ ಹೊಟ್ಟೆ ಉಬ್ಬರಿಸ್ತದೆ," ಎಂದರು ಸಾವಿತ್ರಮ್ಮ.

"ಮಾತಾಜಿ, ಇದು ಸತ್ತವರಿಗೆ."

"ಸತ್ತ ಮೇಲೆ ರುಚಿ ಬದಲಾಗ್ತದೆ ಅಂತ ನಿಮಗೆ ಯಾರು ಹೇಳಿದ್ದು?"

ಅನ್ನ ತರಿಸಿದರು.

ಕೆಳಗೆ ಕೂರಲಾಗದೆ ಬಾಲಚಂದ್ರ ಮಣೆಯ ಮೇಲೊಂದು ಮಣೆ ಇಟ್ಟು ಕೂತ. ಹದಿನಾರು ಪಿಂಡ, ಒಂದೊಂದೂ ತಾಯಿ ಪಟ್ಟ ಒಂದೊಂದು ಕಷ್ಟಕ್ಕೆ. ಮಂತ್ರ ಹೇಳಿ ಪುರೋಹಿತರು ಅರ್ಥ ಬಿಡಿಸುತ್ತಿದ್ದರು.

"ಒಂಬತ್ತು ತಿಂಗಳು ಹೊತ್ತ ಕಷ್ಟಕ್ಕೆ."

"ಎಂಟೇ," ಎಂದರು ಸಾವಿತ್ರಮ್ಮ. "ಇವನಿಗೆ ಮೊದಲಿಂದಲೂ ಅವಸರ."

"ಬಾಣಂತಿತನದಲ್ಲಿ ಕಹಿ ಮದ್ದು ಕುಡಿದ ಕಷ್ಟಕ್ಕೆ."

"ಅದು ಹೌದು."

"ರಾತ್ರಿ ಮಗು ಹಾಸಿಗೆ ಒದ್ದೆ ಮಾಡಿದಾಗ, ಒದ್ದೆಯಲ್ಲಿ ತಾನು ಮಲಗಿ ಒಣಗಿದ ಕಡೆ ಮಗುವನ್ನು ಮಲಗಿಸಿದ ಕಷ್ಟಕ್ಕೆ."

"ಆರು ವರ್ಷದ ತನಕ."

ಮಹೇಶ ಕೆಮ್ಮಿದ. ನೀಲಾ ಸೆರಗು ಬಾಯಿಗೆ ಒತ್ತಿಕೊಂಡಳು. ಬಾಲಚಂದ್ರ ಬೋಳು ತಲೆ ತಗ್ಗಿಸಿ ಪಿಂಡ ಇಟ್ಟ.

"ಇಷ್ಟೆಲ್ಲ ಗೊತ್ತಿದೆಯಲ್ಲ, ನೀವು ಚಿಕ್ಕಮ್ಮನೋ?" ಎಂದರು ಪುರೋಹಿತರು.

"ನಾನು ಅಲ್ಲೇ ಇದ್ದೆ."

ಒಂಬತ್ತನೆಯದು ಇಡುವಾಗ ಬಾಲಚಂದ್ರನ ಕೈಯಿಂದ ಅನ್ನ ಉದುರಿತು. ಅವನು ಒಂದು ಬದಿಗೆ ವಾಲಿದ. ಮಹೇಶ ಓಡಿ ಬಂದು ಹಿಡಿದ.

"ಮಾತ್ರೆಗೆ ಹೊತ್ತಾಯ್ತು ಇವರೇ," ಎಂದಳು ನೀಲಾ.

"ಮುಗೀಲಿ."

"ಉಳಿದದ್ದನ್ನು ಇವರು ಮಾಡಬಹುದು, ಶಾಸ್ತ್ರದಲ್ಲಿ ದಾರಿ ಉಂಟು," ಎಂದು ಪುರೋಹಿತರು ಮಹೇಶನನ್ನು ತೋರಿಸಿದರು.

"ಬೇಡ. ನಾನೇ ಅಂದಿದ್ದೇನೆ."

ಸಾವಿತ್ರಮ್ಮ ಎರಡು ಮೆಟ್ಟಿಲು ಇಳಿದು ಬಂದರು. "ಸಾಕು ಚಂದ್ರ. ಒಂಬತ್ತಕ್ಕೇ ಹೊಟ್ಟೆ ತುಂಬಿರ್ತದೆ. ಮಾತು ಕೊಟ್ಟಾಗ ನೀನು ಹದಿನೆಂಟರ ಹುಡುಗ. ಯಾರೂ ಕೇಳೋದಿಲ್ಲ."

"ಹದಿನಾರು ಅಂದಿದ್ದೆ." ಅವನು ಹತ್ತನೆಯದಕ್ಕೆ ಅನ್ನ ಉಂಡೆ ಕಟ್ಟಿದ.

ಸಾವಿತ್ರಮ್ಮ ಮತ್ತೆ ಮೇಲೆ ಹೋಗಲಿಲ್ಲ. ಅಲ್ಲೇ ಕೂತರು. ಪುರೋಹಿತರನ್ನು ಮೆಲ್ಲಗೆ ಕೇಳಿದರು. "ಇದು ಅವರಿಗೆ ಮುಟ್ಟುತ್ತದಾ? ನಿಜ ಹೇಳಿ."

"ಮೂವತ್ತೈದು ವರ್ಷದಿಂದ ಮಾಡಿಸುತ್ತಿದ್ದೇನೆ. ಮುಟ್ಟಲಿಲ್ಲ ಅಂತ ಯಾರೂ ಬಂದು ದೂರು ಹೇಳಿಲ್ಲ."

"ಮುಟ್ಟಿತು ಅಂತ?"

"ಹಾಗೂ ಯಾರೂ ಬಂದಿಲ್ಲ."

ಉತ್ತರ ಸಾವಿತ್ರಮ್ಮನಿಗೆ ಹಿಡಿಸಿತು. ಮನುಷ್ಯ ಸುಳ್ಳು ಹೇಳುವವನಲ್ಲ.

ಹನ್ನೆರಡು. ಹದಿಮೂರು. ಬಾಲಚಂದ್ರ ಒಂದೊಂದಕ್ಕೂ ಉಸಿರು ಕೂಡಿಸಿಕೊಳ್ಳುತ್ತಿದ್ದ. ಬಿಸಿಲು ಏರಿತು. ಪಕ್ಕದಲ್ಲಿ ಕೂತಿದ್ದ ಸೂರತ್ತಿನ ಸಂಸಾರ ಮುಗಿಸಿ ಎದ್ದು ಹೋಯಿತು.

"ಇದು ಕೊನೆಯದು," ಎಂದರು ಪುರೋಹಿತರು. "ಯಮನ ಬಾಗಿಲಿನ ಘೋರವಾದ ದಾರಿಯಲ್ಲಿ ತಾಯಿ ಒಬ್ಬಳೇ ನಡೆಯುವ ಕಷ್ಟಕ್ಕೆ."

ಸಾವಿತ್ರಮ್ಮ ಕಣ್ಣು ತೆಗೆಯದೆ ಬಾಲಚಂದ್ರನ ಕೈಯನ್ನೇ ನೋಡಿದರು.

ಬಾಲಚಂದ್ರ ಹದಿನಾರನೆಯ ಪಿಂಡ ಇಟ್ಟ.

"ಈಗ ದಕ್ಷಿಣಕ್ಕೆ ತಿರುಗಿ ತಾಯಿಗೆ ನಮಸ್ಕಾರ ಮಾಡಿ."

ನೀಲಾ, ಮಹೇಶ ಇಬ್ಬರೂ ಹಿಡಿದು ಎಬ್ಬಿಸಿದರು. ಬಾಲಚಂದ್ರ ದಕ್ಷಿಣಕ್ಕೆ ತಿರುಗಲಿಲ್ಲ. ಮೆಟ್ಟಿಲ ಕಡೆ ನಡೆದು ಸಾವಿತ್ರಮ್ಮನ ಕಾಲಿಗೆ ಹಣೆ ಹಚ್ಚಿದ. "ಆಯ್ತಮ್ಮ," ಎಂದ.

ಪುರೋಹಿತರ ಬಾಯಿ ತೆರೆದದ್ದು ಹಾಗೇ ಉಳಿಯಿತು.

"ಬೈಬೇಡಿ," ಎಂದರು ಸಾವಿತ್ರಮ್ಮ, ಮಗನ ಬೋಳು ತಲೆಯ ಮೇಲೆ ಕೈಯಿಟ್ಟು. "ದೊಡ್ಡ ಆಸ್ಪತ್ರೆಯವರು ಇವನಿಗೆ ದೀಪಾವಳಿ ತನಕ ಅಂತ ಹೇಳಿದ್ದಾರೆ. ನನಗೆ ಬಿಪಿ ಕೂಡ ಇಲ್ಲ."

ಬಾಲಚಂದ್ರ ತಾಯಿಗೆ ಕೊಟ್ಟ ಮಾತು ಉಳಿಸಿಕೊಂಡ. ತಾಯಿ ಅದನ್ನು ಕಣ್ಣಾರೆ ಕಂಡರು.