ಮೂರು ಮೂಲೆಯ ಬಯಕೆ

“ಚಕ್ಕುಲಿ ಎಲ್ಲಿ?” ಡಬ್ಬಿಯ ಮುಚ್ಚಳ ತೆಗೆದ ಹಾಲಮ್ಮ ಕೇಳಿದರು.

ಭದ್ರಾವತಿ ನ್ಯೂಟೌನಿನ ಆ ನಡುಮನೆಯಲ್ಲಿ ಹೆಂಗಸರೆಲ್ಲ ಡಬ್ಬಿಯತ್ತ ಬಗ್ಗಿದರು. ಹಾಲಮ್ಮನ ಸೊಸೆ ಅಮೂಲ್ಯಳ ಕುಬುಸ, ಮಡಿಲು ತುಂಬುವ ಶಾಸ್ತ್ರ. ಹಸಿರು ಸೀರೆ, ಕೈತುಂಬ ಹಸಿರು ಬಳೆ ತೊಟ್ಟ ಬಸುರಿ ಮಣೆಯ ಮೇಲೆ ಕೂತಿದ್ದಳು. ತವರಿನ ತಿಂಡಿಯ ಡಬ್ಬಿಯನ್ನು ಬಂದ ಹೆಂಗಸರೆಲ್ಲರ ಎದುರು ತೆರೆಯುವುದು ಪದ್ಧತಿ. ಆ ಡಬ್ಬಿಯಲ್ಲಿ ಚಕ್ಕುಲಿಯಿಲ್ಲ, ಕರ್ಜಿಕಾಯಿಯಿಲ್ಲ, ಉಂಡೆಯಿಲ್ಲ. ಕಂದುಬಣ್ಣದ, ಮೂರು ಮೂಲೆಯ ತೆಳ್ಳನೆಯ ಬಿಲ್ಲೆಗಳು ಅಂಚಿನವರೆಗೆ ತುಂಬಿದ್ದವು.

“ಅವಳು ಬಯಸಿದ್ದು ಇದನ್ನೇ,” ಎಂದರು ಅಮೂಲ್ಯಳ ತಾಯಿ ಜಗದಾಂಬಾ. ಶಿವಮೊಗ್ಗದ ಗೋಪಾಳದಿಂದ ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಬಂದಿದ್ದರು.

“ಅವಳು ಬಯಸಿದ್ದು ಪ್ಯಾಕೆಟಿಂದು ಮಾರಾಯ್ತಿ, ಮೆಕ್ಕೆಜೋಳದ್ದು! ನನ್ನ ಮಗಳು ಸೌಂದರ್ಯ ದುಬೈಯಿಂದ ತಂದಿದಾಳೆ ನೋಡಿ. ಬಸುರಿ ಕೇಳಿದ್ದು ಕೊಡ್ದಿದ್ರೆ ಹುಟ್ಟೋ ಮಗುಗೆ ಕಿವಿ ಸೋರುತ್ತೆ,” ಎಂದರು ಹಾಲಮ್ಮ.

ಅಮೂಲ್ಯಳಿಗೆ ಆರನೇ ತಿಂಗಳಲ್ಲಿ ಶುಗರ್ ಕಾಣಿಸಿಕೊಂಡಿತ್ತು. ಸೋಮವಾರದ ಪರೀಕ್ಷೆಯಲ್ಲೂ ಇಳಿಯದಿದ್ದರೆ ಇಂಜೆಕ್ಷನ್ ಶುರು ಮಾಡೋಣ ಎಂದಿದ್ದರು ಡಾಕ್ಟರು. ಅನ್ನ ಕಡಿಮೆಯಾಯಿತು, ಸಿಹಿ ನಿಂತಿತು. ನಾಲಿಗೆ ಮಾತ್ರ ನಾದಿನಿ ತರುವ ಆ ಮೂರು ಮೂಲೆಯ ಕುರುಕುರು ಚಿಪ್ಸಿಗೇ ಹಟ ಹಿಡಿಯಿತು. ಪ್ಯಾಕೆಟಿನ ಬೆನ್ನಿಗೆ ಸಣ್ಣಕ್ಷರದಲ್ಲಿ ಕುಲಾಂತರಿ ಮೆಕ್ಕೆಜೋಳ ಎಂದಿದ್ದನ್ನು ಓದಿ ಅಮೂಲ್ಯ ಫೋನಿನಲ್ಲಿ ಅತ್ತಿದ್ದಳು. “ಹಿಟ್ಟಿಂದು ಅಂತ ಡಾಕ್ಟರು ಬೇಡ ಅಂತಾರೆ. ಬೀಜ ಎಂಥದ್ದೋ ಅಂತ ನಂಗೇ ಮನಸ್ಸು ಬರಲ್ಲ. ಬಾಯಿ ಮಾತ್ರ ಕೇಳಲ್ಲಮ್ಮ.”

ಅಂದೇ ಜಗದಾಂಬಾ ಶೇಂಗಾ ಹುರಿದು ಪುಡಿ ಮಾಡಿದರು. ಕುಂಬಳಬೀಜ, ಕೊಬ್ಬರಿ ಸೇರಿಸಿದರು. ಆದರೆ ಅಕ್ಕಿಹಿಟ್ಟಿಲ್ಲದ ಮುದ್ದೆ ಲಟ್ಟಿಸಿದಲ್ಲೇ ಒಡೆಯಿತು. ಮೊಸರು ಹಾಕಿದರೆ ಬೆಂದದ್ದು ಚಪ್ಪಲಿಯ ಅಟ್ಟೆಯಂತೆ ಬಾಗಿತು. ಕೊನೆಗೊಂದು ಬೆಳಿಗ್ಗೆ ಪಾತ್ರೆ ತೊಳೆಯುವಾಗ, ಗಂಡ ಉಜ್ಜನಪ್ಪ ಹೊಟ್ಟೆ ಸಲೀಸಾಗಲೆಂದು ರಾತ್ರಿ ಕುಡಿದಿಟ್ಟ ಇಸಬ್‌ಗೋಲಿನ ಲೋಟ ಕೈಗೆ ಬಂತು. ತಳದಲ್ಲುಳಿದದ್ದು ಅಂಟಾಗಿ, ಉಜ್ಜಿದರೂ ಬಿಡುತ್ತಿರಲಿಲ್ಲ. ಜಗದಾಂಬಾ ನಲ್ಲಿ ನಿಲ್ಲಿಸಿದರು. ಆ ಸಂಜೆ ಒಂದು ಚಮಚ ಇಸಬ್‌ಗೋಲ್ ಬಿದ್ದ ಮುದ್ದೆ, ಎರಡು ಹಾಲಿನ ಕವರಿನ ನಡುವೆ ಹಪ್ಪಳದಷ್ಟು ತೆಳ್ಳಗೆ ಹರಡಿಕೊಂಡಿತು. ಸಣ್ಣ ಉರಿಯಲ್ಲಿ ಕಾವಲಿಯ ಮೇಲೆ ಗರಿಗರಿಯಾಯಿತು.

ಇದನ್ನೆಲ್ಲ ಈ ನಡುಮನೆಯಲ್ಲಿ ಹೇಳುವುದು ಹೇಗೆ? ಆಗಲೇ ಮೂಲೆಯಿಂದ ಯಾರೋ, “ತವರಿನ ಡಬ್ಬಿನೋ, ನಾಟಿ ವೈದ್ಯರ ಅಂಗಡಿನೋ?” ಎಂದಿದ್ದರು. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕಿದ್ದರು.

ಸೌಂದರ್ಯ ಪ್ಯಾಕೆಟ್ ಹರಿದಳು. ಮಸಾಲೆಯ ವಾಸನೆ ಮನೆ ತುಂಬಿತು. ಹಾಲಮ್ಮ ಒಂದು ಚಿಪ್ಸ್ ತೆಗೆದು ಸೊಸೆಯ ತುಟಿಗೆ ಹಿಡಿದರು. “ಆ ಅನ್ನು. ಒಂದಿನ ತಿಂದ್ರೆ ಏನಾಗುತ್ತೆ? ನಂಗೂ ಶುಗರ್ ಇಲ್ವಾ? ಕಾರ್ಯದ ಮನೇಲಿ ಎಲ್ಲಾ ತಿಂತೀನಿ, ಎರಡು ದಿನ ಸುಸ್ತಾಗಿ ಮಲಗ್ತೀನಿ, ಏಳ್ತೀನಿ. ಅಷ್ಟೇ!”

ಜಗದಾಂಬಾ ಮಗಳ ಮುಖ ನೋಡಿದರು. ಹಿರಿಯರು ಕೊಟ್ಟದ್ದನ್ನು ಬೇಡ ಎನ್ನಬಾರದೆಂದು ಕಲಿಸಿದ್ದು ಅವರೇ.

ಅಮೂಲ್ಯ ಅತ್ತೆಯ ಮುಂಗೈಯನ್ನು ಮೆಲ್ಲಗೆ ಹಿಡಿದಳು. ಬಳೆಗಳು ಸದ್ದು ಮಾಡಿದವು. “ನೀವು ಮಲಗಿದ್ರೆ ನೀವೊಬ್ರೇ ಮಲಗ್ತೀರ ಅತ್ತೆ. ನನ್ನ ಜೊತೆ ಇನ್ನೊಬ್ರು ಮಲಗ್ಬೇಕಲ್ಲ.”

ಯಾರೂ ನಗಲಿಲ್ಲ.

“ಬಯಕೆ ನಂದು ತಾನೆ?” ಅವಳ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. “ಅಮ್ಮ ಮಾಡಿರೋದು ತಿನ್ಸಿ. ನಿಮ್ಮ ಕೈಯಿಂದಾನೇ ತಿನ್ಸಿ.”

ಜಗದಾಂಬಾ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು.

ಹಾಲಮ್ಮ ಚಿಪ್ಸನ್ನು ಪ್ಯಾಕೆಟ್ಟಿಗೆ ಹಾಕಿದರು. ಡಬ್ಬಿಯಿಂದ ಒಂದು ಬಿಲ್ಲೆ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಸೊಸೆಯ ಬಾಯಿಗಿಟ್ಟರು. ಕಟುಮ್ ಎಂದ ಸದ್ದು ಬಾಗಿಲಲ್ಲಿ ನಿಂತಿದ್ದವರಿಗೂ ಕೇಳಿಸಿತು. ಅಮೂಲ್ಯ ಕಣ್ಣು ಮುಚ್ಚಿ ಅಗಿದಳು. “ಇನ್ನೊಂದು,” ಎಂದಳು. ಅದು ಮುಗಿಯುವ ಮೊದಲೇ ತಾನೇ ಕೈ ಹಾಕಿದಳು.

ಹಾಲಮ್ಮ ತಪ್ಪು ಹುಡುಕಲೆಂದೇ ಒಂದನ್ನು ಬಾಯಿಗೆ ಹಾಕಿಕೊಂಡರು. “ಉಪ್ಪು ಒಂಚೂರು ಮುಂದಿದೆ,” ಎಂದು ಇನ್ನೊಂದು ತೆಗೆದರು. “ಅಕ್ಕಿಹಿಟ್ಟು ಎಷ್ಟು ಹಾಕಿದ್ರಿ?”

“ಹಾಕಿಲ್ಲ.”

“ಮೈದಾ?”

“ಅದೂ ಇಲ್ಲ ಬೀಗಿತ್ತಿ.”

“ಮತ್ತೆ ಎಂಥದ್ರಲ್ಲಿ ಹಿಡ್ಕೊಂಡಿದೆ ಇದು?”

ಜಗದಾಂಬಾ ಮಗಳ ಕಡೆ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವಂತೆ, “ಇಸಬ್‌ಗೋಲ್,” ಎಂದರು.

“ಅಯ್ಯೋ ಶಿವನೇ! ಅದು ನಾನು ದಿನಾ ರಾತ್ರಿ ಮೂಗು ಮುಚ್ಕೊಂಡು ಕುಡಿತೀನಲ್ಲ!”

ನಡುಮನೆ ನಕ್ಕು ನಕ್ಕು ಹಗುರಾಯಿತು. ಈ ಸಲದ ನಗೆಯಲ್ಲಿ ಜಗದಾಂಬಾ ಕೂಡ ಇದ್ದರು. ಮೂಲೆಯಲ್ಲಿ ಕೊಂಕು ಆಡಿದಾಕೆಯೇ ಮೊದಲು ಎದ್ದು ಬಂದಳು. ಒಬ್ಬರ ಹಿಂದೊಬ್ಬರು ಸೆರಗೊಡ್ಡಿದರು, ಜಗದಾಂಬಾ ಹಿಡಿಹಿಡಿಯಾಗಿ ಹಾಕುತ್ತ ಹೋದರು.

ಡಬ್ಬಿ ತಳ ಕಾಣುವಾಗ ಇನ್ನೊಂದು ಸೆರಗು ಮುಂದೆ ಬಂತು, ಜರಿಯಂಚಿನದು. ಜಗದಾಂಬಾ ತಲೆಯೆತ್ತಿದರು. ಗಂಡಿನ ತಾಯಿ, ತುಂಬಿದ ಮನೆಯಲ್ಲಿ, ಹೆಣ್ಣಿನ ತಾಯಿಯ ಎದುರು ಸೆರಗೊಡ್ಡಿ ನಿಂತಿದ್ದರು.