ರಂಗೂನಿನಿಂದ ಬರುವ ವಿಮಾನ

ನಾನು ನೇಯ್ದ ಕಂಬಳಿಗೆ ಹುಣಸೆ ಬೀಜದ ಗಂಜಿ ಬಳಿಯುವಾಗ, ಆ ವಾಸನೆಗೆ ಇಂದಿಗೂ ಯುದ್ಧಕಾಲದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಜ್ಜ ಅಂಗಳದಲ್ಲಿ ಗಂಜಿ ಬಳಿದ ಕಂಬಳಿ ಹರವುತ್ತಿದ್ದ. ಮುಂಬಯಿಯಿಂದ ಬಂದಿದ್ದ ಕಾಕಾ, "ಜಪಾನಿನವರ ವಿಮಾನ ರಂಗೂನ ಬಿಟ್ಟರ ಮೂರು ತಾಸಿನಾಗ ಕಲಕತ್ತಾ ಮುಟ್ಟತೈತಿ," ಅಂದ.

ಕುರಿಯ ನಡಿಗೆಯಲ್ಲೇ ದೂರ ಅಳೆಯುತ್ತಿದ್ದ ಅಜ್ಜ ನಕ್ಕ. "ಮುಂಬೈದಾಗ ಸುಳ್ಳು ಹೇಳಾಕ ಪಗಾರ ಕೊಡ್ತಾರೇನೋ?"

ಅಷ್ಟರಲ್ಲಿ ಆಕಾಶದಲ್ಲಿ ಗುರುಗುಟ್ಟುವ ಸದ್ದು ಬಂತು. ಅಜ್ಜ ನನ್ನನ್ನು ಹಸಿ ಕಂಬಳಿಯೊಳಗೆ ಎಳೆದುಕೊಂಡ. ಅವನ ಎದೆ ನನ್ನ ಕಿವಿಗೆ ಬಡಿಯುತ್ತಿತ್ತು. ಸದ್ದು ಮಸಗುಪ್ಪಿಯ ಕಡೆ ಸರಿಯಿತು. ಅಲ್ಲಿ ಬಯಲಲ್ಲಿ ನಮ್ಮಣ್ಣ ಕುರಿ ಮೇಯಿಸುತ್ತಿದ್ದ.

"ಮಸಗುಪ್ಪಿಗೆ ಎಷ್ಟೊತ್ತೋ?" ಅಜ್ಜ ಕೇಳಿದ.

"ಈಗ ದಾಟಿರತೈತಿ, ಯಪ್ಪಾ," ಅಂದ ಕಾಕಾ.

ಕುರಿಯ ನಡಿಗೆಯಲ್ಲಿ ಅರ್ಧ ದಿನ ಹಿಡಿಯುವ ಆ ದಾರಿಯಲ್ಲಿ ಅಜ್ಜ ಕೆರವನ್ನೂ ಮೆಟ್ಟದೆ ಓಡಿದ.