ಲ್ಯಾವೆಂಡರ್ ವಾಸನೆಯ ನೀರು

ನೆಲಮಾಳಿಗೆಯ ಮೋರಿ ಜಾಲರಿಯಿಂದ ನೀರು ಬುಳಬುಳನೆ ಉಕ್ಕಿ ಮುದುಕಿ ಯಾದ್ವಿಗಾಳ ಮಂಚದತ್ತ ಹರಿಯತೊಡಗಿತು. ಹೊರಗೆ ಶಿಕಾಗೋದ ಮಳೆ ಜಡಿಯುತ್ತಿತ್ತು. ಅಳಿಯ ಕಾಜ್ಮಿರ್ ತಲೆಮೇಲೆ ಕೈಹೊತ್ತ. ಬೀದಿಯ ಒಳಚರಂಡಿ ತುಂಬಿದಾಗ ಹೊಲಸು ಮನೆಯೊಳಗೆ ನುಗ್ಗದಂತೆ ತಾನಾಗಿ ಮುಚ್ಚಿಕೊಳ್ಳುವ ವಾಲ್ವನ್ನು ಅವನು ಹೋದ ವಾರವಷ್ಟೇ ಹಾಕಿಸಿದ್ದ.

"ವಾಲ್ವು ಕೈಕೊಡ್ತು ಅತ್ತೆ! ಏಳಿ, ಮೇಲಕ್ಕೆ ನಡೀರಿ."

"ಸ್ವಲ್ಪ ಬಾಯ್ಮುಚ್ಚು." ಯಾದ್ವಿಗಾ ಮಂಡಿಯೂರಿ, ಎರಡು ಬೆರಳು ನೀರಿಗದ್ದಿ, ಬೀಟ್ರೂಟ್ ಸಾರಿನ ಘಮ ನೋಡುವವಳಂತೆ ಮೂಗಿಗೆ ಹಿಡಿದಳು. "ಐವತ್ತು ವರ್ಷದಿಂದ ಈ ಬೀದಿಯ ಹೊಲಸು ಬಳಿದಿದ್ದೀನಿ. ಅದು ಯಾವತ್ತೂ ಲ್ಯಾವೆಂಡರ್ ಸೋಪಿನ ಥರ ಘಮಘಮ ಅಂದಿಲ್ಲ. ಮೇಲೆ ಸ್ನಾನ ಮಾಡ್ತಿರೋದು ಯಾರು?"

ಕಾಜ್ಮಿರನ ಕಿವಿ ಕೆಂಪಾದವು. "ವಾಂಡಾ. ವಾಲ್ವಿದೆ, ಇನ್ಮೇಲೆ ಮಳೆಗೆ ಹೆದರಬೇಡ, ಹೋಗಿ ಸ್ನಾನ ಮಾಡು ಅಂತ ನಾನೇ ಅಂದೆ."

ಯಾದ್ವಿಗಾ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದಳು. "ವಾಂಡಾ, ನಲ್ಲಿ ನಿಲ್ಲಿಸೇ!"

ಮೇಲೆ ನಲ್ಲಿಯ ಸದ್ದಡಗಿತು. ನೀರು ಮಂಚದ ಕಾಲಿಗೆ ಗೇಣು ದೂರದಲ್ಲಿ ನಿಂತುಬಿಟ್ಟಿತು.

"ಅಮ್ಮಾ, ಮೈಯೆಲ್ಲ ಸೋಪು!"

"ನಿನ್ನ ಗಂಡನ ವಾಲ್ವು ಬಲು ಗಟ್ಟಿ ಕಣೇ," ಎನ್ನುತ್ತ ಯಾದ್ವಿಗಾ ನೆಲ ಒರೆಸುವ ಕೋಲನ್ನು ಅಳಿಯನ ಕೈಗಿಟ್ಟಳು. "ಬೀದಿ ನೀರನ್ನ ಒಳಗೆ ಬಿಡಲ್ಲ, ನಮ್ಮ ನೀರನ್ನ ಹೊರಗೂ ಬಿಡಲ್ಲ. ಮಳೆ ನಿಲ್ಲೋ ತನಕ ನೀನು ಸೋಪಲ್ಲೇ ನಿಂತಿರು."